ಲೊಕ್ಕಿಗುಂಡಿಯ ಗದ್ಯಾಣದಿಂದ ಹತ್ತು ರೂಪಾಯಿವರೆಗೆ: ಟಂಕಸಾಲೆಗಳ ಊರುಗಳಲ್ಲಿ ಸುತ್ತಾಟ

ಲಕ್ಕುಂಡಿಗೆ ಹೋದವರು ಗುಡಿ ನೋಡುತ್ತಾರೆ, ಬಾವಿ ನೋಡುತ್ತಾರೆ, ಫೋಟೋ ತೆಗೆದುಕೊಂಡು ವಾಪಸ್ ಬರುತ್ತಾರೆ. ಸಾವಿರ ವರ್ಷದ ಹಿಂದೆ ಆ ಊರಲ್ಲಿ ಗದ್ಯಾಣ ಅನ್ನೋ ಚಿನ್ನದ ನಾಣ್ಯ ಅಚ್ಚಾಗುತ್ತಿತ್ತು ಅನ್ನೋದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಕಲ್ಯಾಣ ಚಾಲುಕ್ಯರ ಮುಖ್ಯ ಟಂಕಸಾಲೆಗಳು ಇದ್ದದ್ದು ಲಕ್ಕುಂಡಿ ಮತ್ತು ಸೂಡಿಯಲ್ಲಿ. ಎರಡೂ ಇವತ್ತಿನ ಗದಗ ಜಿಲ್ಲೆಯ ಊರುಗಳು. ಅಲ್ಲಿಂದ ಪಶ್ಚಿಮಕ್ಕೆ ಬಂದರೆ ಧಾರವಾಡ. ಅಲ್ಲಿ ಟಿಪ್ಪು ಸುಲ್ತಾನನ ಟಂಕಸಾಲೆ ಇತ್ತು. ದಕ್ಷಿಣಕ್ಕೆ ಹೋದರೆ ಹಾನಗಲ್. ಅಲ್ಲಿನ ಕದಂಬರದ್ದು ಇನ್ನೊಂದು ಬಗೆಯ ನಾಣ್ಯ.

ಇಷ್ಟು ಹತ್ತಿರದಲ್ಲಿ ಇಷ್ಟೆಲ್ಲ ಇರುವಾಗ ಒಮ್ಮೆ ನಾಣ್ಯದ ಜಾಡು ಹಿಡಿದೇ ತಿರುಗಬೇಕು ಅಂತ ಬಹಳ ದಿನದಿಂದ ಆಸೆ ಇತ್ತು. ಡಿಸೆಂಬರಿನಲ್ಲಿ ಬಿಸಿಲೂ ಕಡಿಮೆ, ರಜೆಯೂ ಸಿಕ್ಕಿತ್ತು. ಜೊತೆಗೆ ಬಂದವರು ನಮ್ಮ ಕಾಕಾ. ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿ ರಿಟೈರ್ ಆದವರು. ಜೀವನಪೂರ್ತಿ ದುಡ್ಡು ಎಣಿಸಿದರೂ ನಾಣ್ಯದ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ.

ಮೊದಲ ದಿನ: ಹುಬ್ಬಳ್ಳಿ

ಪ್ರವಾಸ ಶುರುವಾದದ್ದು ಕಾಕಾನ ಮನೆಯ ಊಟದ ಟೇಬಲ್ ಮೇಲೆ. ಚಹಾ ಕುಡಿದು ಮುಗಿಸುತ್ತಿದ್ದಂತೆ ಅವರು ಒಂದು ಸ್ಟೀಲ್ ಡಬ್ಬಿ ತಂದು ಸುರುವಿದರು. ಒಂದಾಣೆ, ಎರಡಾಣೆ, ನಯಾ ಪೈಸೆ, ತೂತಿನ ಕಾಸು, ಅಲ್ಯೂಮಿನಿಯಂ ಐದು ಪೈಸೆ, ದಪ್ಪನೆಯ ಹಳೇ ಐದು ರೂಪಾಯಿ. ಎಲ್ಲ ಕಲಸಿಕೊಂಡು ಬಿದ್ದವು.

"ತಮ್ಮಾ, ಮೊದಲ ಇಸವಿ ಕೆಳಗ ನೋಡು. ಅಲ್ಲಿ ಊರಿನ ಗುರ್ತು ಇರತೈತಿ" ಅಂದರು ಕಾಕಾ, ಭೂತಗನ್ನಡಿ ಕೈಗೆ ಕೊಡುತ್ತಾ.

ಭಾರತದಲ್ಲಿ ಈಗ ನಾಣ್ಯ ಅಚ್ಚು ಮಾಡುವ ಸರ್ಕಾರಿ ಟಂಕಸಾಲೆಗಳು 4. ಮುಂಬೈ, ಕೋಲ್ಕತ್ತಾ, ಹೈದರಾಬಾದ್, ನೋಯ್ಡಾ. ಇಸವಿಯ ಕೆಳಗೆ ವಜ್ರದ ಆಕಾರದ ಗುರುತಿದ್ದರೆ ಅದು ಮುಂಬೈಯದು. ನಕ್ಷತ್ರವಿದ್ದರೆ ಹೈದರಾಬಾದಿನದು. ಸಣ್ಣ ಚುಕ್ಕೆ ನೋಯ್ಡಾದ್ದು. ಏನೂ ಇಲ್ಲದಿದ್ದರೆ ಕೋಲ್ಕತ್ತಾ. ನಮ್ಮ ಕಡೆ ಓಡಾಡುವ ಚಿಲ್ಲರೆಯಲ್ಲಿ ವಜ್ರ ಮತ್ತು ನಕ್ಷತ್ರ ಜಾಸ್ತಿ ಸಿಗುತ್ತವೆ ಅನ್ನೋದು ಕಾಕಾನ ಅನುಭವ. ನನ್ನ ಜೇಬಿನ ಚಿಲ್ಲರೆ ತೆಗೆದು ನೋಡಿದೆ. ಅಷ್ಟು ವರ್ಷ ಕೈಯಲ್ಲಿ ಹಿಡಿದ ನಾಣ್ಯದ ಮೇಲೆ ಒಂದು ಊರಿನ ಗುರುತಿದೆ ಅಂತ ಗೊತ್ತಾದಾಗ ನಿಜಕ್ಕೂ ಖುಷಿಯಾಯಿತು.

ಆಮೇಲೆ ಆಣೆಯ ಮಾತು ಬಂತು. ಒಂದು ರೂಪಾಯಿಗೆ 16 ಆಣೆ, 64 ಪೈಸೆ, 192 ಪೈ. ಇದು ಹಳೆಯ ಲೆಕ್ಕ. 1955ರಲ್ಲಿ ಸಂಸತ್ತು ಕಾನೂನು ತಿದ್ದಿತು. 1957ರ ಏಪ್ರಿಲ್ 1ರಿಂದ ರೂಪಾಯಿಗೆ 100 ನಯಾ ಪೈಸೆ ಆಯಿತು. ಜನಕ್ಕೆ ರೂಢಿಯಾದ ಮೇಲೆ 1964ರ ಜೂನ್ 1ರಿಂದ 'ನಯಾ' ಬಿಟ್ಟು ಬರೀ ಪೈಸೆ ಅಂತ ಮಾಡಿದರು. ಆ ಮಧ್ಯದ ವರ್ಷಗಳಲ್ಲಿ ಹಳೆಯದೂ ಹೊಸದೂ ಎರಡೂ ಚಲಾವಣೆಯಲ್ಲಿದ್ದವು. ಒಂದಾಣೆ ಅಂದರೆ ಸರಿಯಾಗಿ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯ ಇಲ್ಲ. ಒಂದಾಣೆ ಕೊಟ್ಟವನಿಗೆ 6 ಪೈಸೆಯ ಲೆಕ್ಕ. ಅದೇ ನಾಲ್ಕಾಣೆಗೆ ಸರಿಯಾಗಿ 25 ಪೈಸೆ, ಎಂಟಾಣೆಗೆ 50. ಇಲ್ಲಿ ಯಾರಿಗೂ ನಷ್ಟವಿಲ್ಲ. ಹಾಗಾಗಿಯೇ ಆಣೆ ಹೋದರೂ ನಾಲ್ಕಾಣೆ, ಎಂಟಾಣೆ ಅನ್ನೋ ಮಾತು ಇವತ್ತಿನವರೆಗೂ ಉಳಿದಿದೆ.

ಕಾಕಾ ಆಗ ಸಣ್ಣ ಹುಡುಗ. ನಮ್ಮ ಅಜ್ಜನ ಕಿರಾಣಿ ಅಂಗಡಿಯ ಗೋಡೆಗೆ ಆಣೆ-ಪೈಸೆ ಲೆಕ್ಕದ ಪಟ್ಟಿ ಅಂಟಿಸಿದ್ದರಂತೆ. "ಆಣೆ ಆಣೆ ಬಿಡಿಬಿಡಿಯಾಗಿ ತಗೊಂಡ್ರ ಗಿರಾಕಿಗೆ ಲುಕ್ಸಾನು. ನಾಲ್ಕಾಣೆದ್ದು ಒಮ್ಮೆಲೆ ಕೊಡು ಅಂತ ಅಜ್ಜ ಹೇಳಿ ಕಳಸ್ತಿದ್ದ" ಅಂತ ಕಾಕಾ ನೆನೆದರು. ಪುಟ್ಟ ಅಂಗಡಿಕಾರನೊಬ್ಬ ಗಿರಾಕಿಯ ಕಾಲು ಪೈಸೆಯ ಬಗ್ಗೆಯೂ ಯೋಚನೆ ಮಾಡುತ್ತಿದ್ದ ಕಾಲ ಅದು.

ಡಬ್ಬಿಯಲ್ಲಿ ನನಗೆ ಹಿಡಿಸಿದ್ದು 2006ರ ಐದು ರೂಪಾಯಿ. ಅದರ ಮೇಲೆ ಮಹಾತ್ಮಾ ಬಸವೇಶ್ವರರ ಚಿತ್ರವಿದೆ. ಕಾಕಾ ಅದನ್ನು ಬೇರೆ ಪೊಟ್ಟಣದಲ್ಲಿ ಕಟ್ಟಿಟ್ಟಿದ್ದಾರೆ.

ಸಂಜೆ ದುರ್ಗದಬೈಲಿಗೆ ಹೋಗಿ ಗಿರ್ಮಿಟ್, ಮಿರ್ಚಿ ತಿಂದೆವು. ಅಲ್ಲಿಂದ ಹತ್ತಿರದ ಓಣಿಯಲ್ಲಿ ಬಂಗಾರದ ಕೆಲಸ ಮಾಡುವ ಒಬ್ಬರು ಕಾಕಾನಿಗೆ ಹಳೆಯ ಪರಿಚಯ. ಅವರ ಕೈಕೆಲಸ ನೋಡಲೆಂದೇ ಕಾಕಾ ನನ್ನನ್ನು ಕರೆದುಕೊಂಡು ಹೋಗಿದ್ದರು. ಅವತ್ತು ಅವರು ಪುತಳಿ ಸರದ ಬಿಲ್ಲೆ ಮಾಡುತ್ತಿದ್ದರು.

ಅಂಗಡಿ ಅಂದರೆ ಒಂದು ಚಿಕ್ಕ ಕೋಣೆ. ನೆಲದ ಮೇಲೆ ಮರದ ದಿಮ್ಮಿ, ಅದರಲ್ಲಿ ಹೂತಿಟ್ಟ ಕಬ್ಬಿಣದ ಅಡಿಗಲ್ಲು. ಪಕ್ಕದಲ್ಲಿ ಅಂಗೈ ಅಗಲದ ಕಂಚಿನ ಅಚ್ಚು. ಅದರ ಮೈಯಲ್ಲಿ ಸಣ್ಣ ಸಣ್ಣ ಗುಂಡನೆಯ ಗುಳಿಗಳು, ಒಂದೊಂದು ಗುಳಿಯಲ್ಲೂ ಒಂದೊಂದು ಚಿತ್ರ ತಿರುವುಮುರುವಾಗಿ ಕೊರೆದಿದೆ. ಅವರು ಮೊದಲು ತಗಡನ್ನು ಬೆಂಕಿಗೆ ಹಿಡಿದರು. ಕೆಂಪಗಾದ ಮೇಲೆ ತೆಗೆದು ತಣ್ಣಗೆ ಮಾಡಿದರು. "ಬಡದು ಬಡದು ತಗಡು ಸೆಟದಿರ್ತೈತ್ರೀ. ಕಾಸಿದ್ರ ಮೆತ್ತಗ ಆಕ್ಕೈತಿ. ಇಲ್ಲಂದ್ರ ಅಚ್ಚಿನ್ಯಾಗ ಸೀಳತೈತಿ" ಅಂದರು. ಆಮೇಲೆ ಹುಳಿನೀರಲ್ಲಿ ಅದ್ದಿ ಮಸಿ ತೊಳೆದರು. ತಗಡಿನ ತುಂಡನ್ನು ಗುಳಿಯ ಮೇಲಿಟ್ಟು, ಮೇಲೊಂದು ಸೀಸದ ತುಂಡು ಇಟ್ಟರು. ಸುತ್ತಿಗೆಯಿಂದ ಒಂದೇ ಪೆಟ್ಟು. ಸೀಸ ಮೆತ್ತಗಿರುವುದರಿಂದ ತಗಡನ್ನು ಗುಳಿಯ ಮೂಲೆಮೂಲೆಗೂ ಒತ್ತುತ್ತದೆ. ಚಿಮಟದಿಂದ ಎತ್ತಿದರೆ ಪುಟ್ಟ ಬಿಲ್ಲೆಯ ಮೇಲೆ ನಿಂತ ಗೊಂಬೆಗಳು ಮೂಡಿದ್ದವು.

ಈ ಗೊಂಬೆಗಳ ಮೂಲ ವೆನಿಸ್. ಆ ಊರಿನ ವರ್ತಕರ ಚಿನ್ನದ ಡಕಟ್ ನಾಣ್ಯಗಳು ವ್ಯಾಪಾರದ ಮೂಲಕ ನಮ್ಮ ಪಶ್ಚಿಮ ಕರಾವಳಿಗೆ ಬಂದವು, ಘಟ್ಟ ಹತ್ತಿ ಒಳನಾಡಿಗೂ ಬಂದವು. ಅವುಗಳ ಮೇಲೆ ನಿಂತ ಸಂತ, ಅವನ ಮುಂದೆ ಮೊಣಕಾಲೂರಿದ ದೊರೆ, ಇಬ್ಬರ ಚಿತ್ರವಿತ್ತು. ನಮ್ಮ ಹೆಣ್ಣುಮಕ್ಕಳು ಅವನ್ನು ಕೊರಳಿಗೆ ಕಟ್ಟಿಕೊಂಡರು. ನಾಣ್ಯ ಬರುವುದು ನಿಂತ ಮೇಲೂ ಅಕ್ಕಸಾಲಿಗರು ಅದೇ ಚಿತ್ರದ ಅಚ್ಚು ಮಾಡಿಕೊಂಡು ಬಿಲ್ಲೆ ಒತ್ತುತ್ತಲೇ ಇದ್ದಾರೆ.

ಆ ಕೋಣೆಯಲ್ಲಿ ಕಂಡ ಕೆಲಸವನ್ನೇ ದೇಶದ ಟಂಕಸಾಲೆಯಲ್ಲಿ ಯಂತ್ರಗಳು ಮಾಡುತ್ತವೆ. ಲೋಹ ಕರಗಿಸಿ ಪಟ್ಟಿ ಎರಕ ಹೊಯ್ಯುತ್ತಾರೆ. ರೋಲರುಗಳ ನಡುವೆ ಹಾಯಿಸಿ ನಾಣ್ಯದಷ್ಟೇ ದಪ್ಪಕ್ಕೆ ತರುತ್ತಾರೆ. ಪಟ್ಟಿಯಿಂದ ಗುಂಡು ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಉರುಳುವಾಗ ಲೋಹ ಬಿರುಸಾಗಿರುತ್ತದೆ, ಅದಕ್ಕೇ ಬಿಲ್ಲೆಗಳನ್ನು ಕುಲುಮೆಯಲ್ಲಿ ಕಾಸಿ ಮೆತ್ತಗೆ ಮಾಡುತ್ತಾರೆ. ಆಮ್ಲದಲ್ಲಿ ತೊಳೆದು ಹೊಳಪು ಬರಿಸುತ್ತಾರೆ. ಅಂಚನ್ನು ಒತ್ತಿ ಸ್ವಲ್ಪ ಎತ್ತರಿಸುತ್ತಾರೆ. ಆ ಅಂಚು ಇರುವುದರಿಂದಲೇ ನಾಣ್ಯದ ಮೇಲಿನ ಚಿತ್ರ ಬೇಗ ಸವೆಯುವುದಿಲ್ಲ. ಕೊನೆಗೆ ಪ್ರೆಸ್. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ಸುತ್ತ ಉಕ್ಕಿನ ಬಳೆ. ಪೆಟ್ಟು ಬಿದ್ದಾಗ ಲೋಹ ಹೊರಗೆ ಹರಡಲು ಹೋಗುತ್ತದೆ, ಬಳೆ ತಡೆಯುತ್ತದೆ. ಎರಡೂ ಮುಖ, ಅಂಚಿನ ಗೆರೆ, ಎಲ್ಲ ಒಂದೇ ಪೆಟ್ಟಿಗೆ ಮೂಡುತ್ತವೆ.

ಅಚ್ಚಿನ ಕೆಲಸವೇ ಎಲ್ಲಕ್ಕಿಂತ ನಾಜೂಕು. ಕಲಾವಿದರು ಮೊದಲು ಚಿತ್ರವನ್ನು ತಟ್ಟೆಯಷ್ಟು ದೊಡ್ಡದಾಗಿ ಮಾಡುತ್ತಾರೆ. ಯಂತ್ರ ಅದನ್ನು ನಾಣ್ಯದ ಅಳತೆಗೆ ಕುಗ್ಗಿಸಿ ಉಕ್ಕಿನಲ್ಲಿ ಕೊರೆಯುತ್ತದೆ. ಆ ಉಕ್ಕನ್ನು ಕಾಸಿ ಗಟ್ಟಿ ಮಾಡಿ, ಅದರಿಂದ ಕೆಲಸದ ಅಚ್ಚುಗಳನ್ನು ಒತ್ತುತ್ತಾರೆ. ಲಕ್ಷಾಂತರ ಪೆಟ್ಟು ತಿಂದ ಅಚ್ಚು ಒಂದಲ್ಲ ಒಂದು ದಿನ ಬಿರುಕು ಬಿಡುತ್ತದೆ. ಬಿರುಕಿನ ಗೆರೆ ನಾಣ್ಯದ ಮೇಲೂ ಬೀಳುತ್ತದೆ. ಕಾಕಾನ ಡಬ್ಬಿಯ ಒಂದು ರೂಪಾಯಿಯ ಮೇಲೆ ಅಂಥ ಕೂದಲೆಳೆಯ ಗೆರೆಯೊಂದಿದೆ.

ಎರಡನೇ ದಿನ: ಧಾರವಾಡ

ಬೆಳಿಗ್ಗೆ ಬಸ್ಸಿನಲ್ಲಿ ಧಾರವಾಡ. ಮೊದಲು ಕೋಟೆಯ ಹತ್ತಿರ ಹೋದೆವು. ಈಗ ಉಳಿದಿರುವುದು ಬಾಗಿಲು, ಒಂದಿಷ್ಟು ಗೋಡೆ. ಸುತ್ತಲೂ ಊರು ಬೆಳೆದಿದೆ. 1790ರ ಸೆಪ್ಟೆಂಬರಿನಲ್ಲಿ ಪರಶುರಾಮ ಭಾವು ನಾಯಕತ್ವದ ಮರಾಠಾ ಸೈನ್ಯ ಈ ಕೋಟೆಗೆ ಮುತ್ತಿಗೆ ಹಾಕಿತು. ಜೊತೆಗೆ ಕ್ಯಾಪ್ಟನ್ ಲಿಟ್ಲ್‌ನ ಇಂಗ್ಲಿಷ್ ತುಕಡಿ ಇತ್ತು. ಒಳಗೆ ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್. 1791ರ ಏಪ್ರಿಲಿನವರೆಗೂ ಕೋಟೆ ಬಿಟ್ಟುಕೊಡಲಿಲ್ಲ.

ಟಿಪ್ಪುವಿಗೆ ನಾಣ್ಯದ ಬಗ್ಗೆ ಇದ್ದ ಆಸಕ್ತಿ ಅಷ್ಟಿಷ್ಟಲ್ಲ. ತನ್ನ ಟಂಕಸಾಲೆಯ ಹಲವು ಊರುಗಳಿಗೆ ಹೊಸ ಹೆಸರು ಇಟ್ಟ. ಧಾರವಾಡ 'ಖುರ್ಷಿದ್ ಸವಾದ್' ಆಯಿತು. ಬೆಳ್ಳಿಯ ರೂಪಾಯಿಗೆ ಇಮಾಮಿ, ಎರಡು ರೂಪಾಯಿಗೆ ಹೈದರಿ ಅಂತ ಹೆಸರು. ತಾಮ್ರದ ನಾಣ್ಯಗಳಿಗೆ ಆಕಾಶದ ಹೆಸರುಗಳು. ಪೈಸೆ ಜೊಹ್ರಾ, ಅಂದರೆ ಶುಕ್ರ. ಅರ್ಧ ಪೈಸೆ ಬಹ್ರಾಮ್, ಮಂಗಳ. ಕಾಲು ಪೈಸೆ ಅಖ್ತರ್, ನಕ್ಷತ್ರ. ಅದಕ್ಕೂ ಚಿಕ್ಕದು ಕುತುಬ್, ಧ್ರುವತಾರೆ. ಆನೆಯ ಚಿತ್ರ ಮಾತ್ರ ತಾಮ್ರದ ನಾಣ್ಯಗಳ ಮೇಲೆ ತಪ್ಪದೆ ಇರುತ್ತಿತ್ತು. ಬಡವನ ಕೈಗೆ ಬರುವ ನಾಣ್ಯಕ್ಕೂ ಇಷ್ಟು ಅಂದ ಕೊಟ್ಟದ್ದು ನನಗೆ ದೊಡ್ಡದಾಗಿ ಕಾಣುತ್ತದೆ.

ಕಾಕಾ ಕಿಸೆಯಿಂದ ಒಂದು ಆನೆ ಪೈಸೆ ತೆಗೆದರು. ಶ್ರೀರಂಗಪಟ್ಟಣದ್ದು. ಕೋಟೆ ಬಾಗಿಲ ಹತ್ತಿರದ ಕಟ್ಟೆಯ ಮೇಲೆ ಕೂತು ನೋಡಿದೆವು. ಆನೆಯ ಸೊಂಡಿಲು, ಬಾಲ, ಕಾಲಿನ ಮಡಿಕೆ ಎಲ್ಲ ಸ್ಪಷ್ಟ. ನಾಣ್ಯದ ಒಂದು ಕಡೆಯ ಅಂಚು ಸ್ವಲ್ಪ ಚಪ್ಪಟೆ, ಚಿತ್ರವೂ ನಟ್ಟನಡುವೆ ಕೂತಿಲ್ಲ. ಕೈಯಿಂದ ಬಡಿದ ನಾಣ್ಯಗಳೆಲ್ಲ ಹೀಗೇ. ಒಂದರಂತೆ ಇನ್ನೊಂದು ಇರುವುದಿಲ್ಲ. ಇನ್ನೊಂದು ವಿಶೇಷ ಅಂದರೆ ಟಿಪ್ಪು ಆಮೇಲೆ ತಂದ ಮೌಲೂದಿ ಶಕೆಯ ಅಂಕಿಗಳು. ಅವನ್ನು ಬಲದಿಂದ ಎಡಕ್ಕೆ ಓದಬೇಕು.

ನಾಣ್ಯ ಒಂದೇ ಅಚ್ಚಿನಂತಾಗಿದ್ದು ಯಂತ್ರ ಬಂದ ಮೇಲೆ. ಮುಂಬೈ, ಕೋಲ್ಕತ್ತಾಗಳಲ್ಲಿ 1820ರ ದಶಕದಲ್ಲಿ ಉಗಿ ಯಂತ್ರದ ಟಂಕಸಾಲೆ ಕಟ್ಟಿದರು. 1835ರಲ್ಲಿ ಕಂಪನಿ ಸರ್ಕಾರ ತನ್ನ ಆಡಳಿತದ ಪ್ರದೇಶಕ್ಕೆಲ್ಲ ಒಂದೇ ರೂಪಾಯಿ ಅಂತ ಕಾನೂನು ತಂದಿತು. ತೂಕ 180 ಗ್ರೇನ್, ಅದರಲ್ಲಿ 165 ಗ್ರೇನ್ ಶುದ್ಧ ಬೆಳ್ಳಿ. ಅದಕ್ಕೂ ಮೊದಲು ಒಂದೊಂದು ಸೀಮೆಯದು ಒಂದೊಂದು ರೂಪಾಯಿ, ಒಂದೊಂದು ಹೊನ್ನು. ಸಂತೆಗೆ ಹೋದವನು ಸರಾಫನ ಹತ್ತಿರ ವಟ್ಟಾ, ಅಂದರೆ ಬದಲಿಸುವ ಕೂಲಿ, ಕೊಟ್ಟು ಬದಲಿಸಿಕೊಳ್ಳಬೇಕಿತ್ತು. ಬೆಳ್ಳಿಯ ರೂಪಾಯಿ ನೂರಕ್ಕೂ ಹೆಚ್ಚು ವರ್ಷ ನಡೆಯಿತು. ಎರಡನೇ ಮಹಾಯುದ್ಧದ ಹೊತ್ತಿಗೆ, 1940ರಲ್ಲಿ, ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ಹೊತ್ತಿಗೆ ಬೆಳ್ಳಿ ಹೋಗಿ ನಿಕ್ಕಲ್ ಬಂತು. ತಾಮ್ರ ಉಳಿಸಬೇಕು ಅಂತ 1943ರಲ್ಲಿ ನಡುವೆ ತೂತು ಬಿಟ್ಟ ಕಾಸು ಹೊಡೆದರು. ಕಾಕಾನ ಡಬ್ಬಿಯಲ್ಲಿದ್ದ ತೂತಿನ ಕಾಸು ಅದೇ.

ಮಧ್ಯಾಹ್ನ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಹೋದೆವು. ಅಲ್ಲಿನ ಕನ್ನಡ ಸಂಶೋಧನ ಸಂಸ್ಥೆ 1939ರಲ್ಲಿ ಶುರುವಾದದ್ದು. ಅದರ ವಸ್ತುಸಂಗ್ರಹಾಲಯದಲ್ಲಿ ಶಾಸನಕಲ್ಲುಗಳ ಮುಂದೆ ಜಾಸ್ತಿ ಹೊತ್ತು ನಿಂತೆವು. ನಮ್ಮ ಭಾಗದ ದಾನಶಾಸನ ಓದುತ್ತಾ ಹೋದರೆ ದುಡ್ಡಿನ ಲೆಕ್ಕ ಸಿಕ್ಕೇ ಸಿಗುತ್ತದೆ. ನಂದಾದೀಪದ ಎಣ್ಣೆಗೆ ಇಷ್ಟು, ವಿದ್ಯಾರ್ಥಿಗಳ ಊಟಕ್ಕೆ ಇಷ್ಟು, ಕೆರೆಯ ಹೂಳು ತೆಗೆಯಲು ಇಷ್ಟು. ಒಂದು ಗದ್ಯಾಣಕ್ಕೆ 10 ಪಣ. ಒಂದು ಪಣಕ್ಕೆ 4 ಹಾಗ ಅಥವಾ 16 ವೀಸ. ಈ ಲೆಕ್ಕ ಬರೆಸಿದವರು ಒಂದು ವೀಸವನ್ನೂ ಬಿಡದೆ ಬರೆಸಿದ್ದಾರೆ.

ವಾಪಸ್ ಬರುವಾಗ ಪೇಡೆ ಕೊಂಡೆವು. ಅದನ್ನು ಮರೆತರೆ ಮನೆಯಲ್ಲಿ ಒಳಗೆ ಬಿಡುವುದಿಲ್ಲ.

ಮೂರನೇ ದಿನ: ಗದಗ, ಲಕ್ಕುಂಡಿ

ಗದಗಿನಲ್ಲಿ ಇಳಿದು ಒಂದು ಅಂಗಡಿಯಲ್ಲಿ ಚಹಾ ಕುಡಿದೆವು. ಹತ್ತು ರೂಪಾಯಿ ನಾಣ್ಯ ಕೊಟ್ಟೆ. "ನೋಟ್ ಕೊಡ್ರೀ ಅಣ್ಣಾ. ಇದು ನಡೆಂಗಿಲ್ಲ" ಅಂದ ಅಂಗಡಿಯ ಹುಡುಗ. ನಮ್ಮ ಕಡೆ ಇದು ಹೊಸದೇನಲ್ಲ. ಕಾಕಾನಿಗೆ ಮಾತ್ರ ತಡೆಯಲಾಗಲಿಲ್ಲ.

"ಯಾಕ್ ನಡೆಂಗಿಲ್ಲೋ ತಮ್ಮಾ? ಇದು ಸರ್ಕಾರದ ರೊಕ್ಕ."

"ನಾ ತಗೊಂಡ್ರ ನನ್ನ ಕಡೆ ಯಾರೂ ತಗೊಳಂಗಿಲ್ರೀ ಅಜ್ಜಾರ. ಗೆರಿ ಜಾಸ್ತಿ ಇದ್ದದ್ದು ಡೂಪ್ಲಿಕೇಟ್ ಅಂತಾರ."

ಹುಡುಗನ ತಪ್ಪೇನಿಲ್ಲ. ಅವನಿಗೆ ನಷ್ಟವಾಗಬಾರದು ಅಷ್ಟೇ. ಆದರೆ ಗೆರೆಯ ಕಥೆ ಸುಳ್ಳು. ಹತ್ತು ರೂಪಾಯಿಯ ಕೆಲವು ನಾಣ್ಯಗಳಲ್ಲಿ 15 ಗೆರೆಗಳಿವೆ. ರೂಪಾಯಿಯ ಚಿಹ್ನೆ ಬಂದ ಮೇಲೆ, 2011ರಲ್ಲಿ ಶುರುವಾದ ವಿನ್ಯಾಸದಲ್ಲಿ 10 ಗೆರೆ. ಎರಡೂ ಸರ್ಕಾರದ ಟಂಕಸಾಲೆಯಿಂದಲೇ ಬಂದವು. ಗೊಂದಲ ಜಾಸ್ತಿಯಾದಾಗ 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಹೇಳಿಕೆ ಕೊಟ್ಟಿತು. ಅಲ್ಲಿಯವರೆಗೆ ಹತ್ತು ರೂಪಾಯಿಯದು 14 ವಿನ್ಯಾಸಗಳು ಬಂದಿವೆ, ಎಲ್ಲವೂ ಚಲಾವಣೆಗೆ ಯೋಗ್ಯ ಅಂತ. 2011ರ ನಾಣ್ಯ ಕಾಯ್ದೆ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನಾಣ್ಯಗಳಲ್ಲಿ 1000 ರೂಪಾಯಿವರೆಗೆ ಪಾವತಿ ಮಾಡಬಹುದು.

ಕಾಕಾ ಹುಡುಗನ ಮುಂದೆ ಆ ನಾಣ್ಯ ಇಟ್ಟು ತೋರಿಸಿದರು. ಹೊರಗಿನ ಹಳದಿ ಬಳೆ ಅಲ್ಯೂಮಿನಿಯಂ ಕಂಚು. ಒಳಗಿನ ಬಿಳಿ ಬಿಲ್ಲೆ ಬೇರೆ ಲೋಹ. ಎರಡನ್ನೂ ಒಟ್ಟಿಗೆ ಪ್ರೆಸ್ಸಿಗೆ ಇಡುತ್ತಾರೆ, ಚಿತ್ರ ಮೂಡಿಸುವ ಪೆಟ್ಟಿಗೇ ಎರಡೂ ಕಚ್ಚಿಕೊಳ್ಳುತ್ತವೆ. ಅಂಟೂ ಇಲ್ಲ, ಬೆಸುಗೆಯೂ ಇಲ್ಲ. ತೂಕ 7.71 ಗ್ರಾಂ, ಅಗಲ 27 ಮಿ.ಮೀ. ಈಗಿನ ಇಪ್ಪತ್ತು ರೂಪಾಯಿಯೂ ಅಷ್ಟೇ ಅಗಲ, ಆದರೆ ಅದಕ್ಕೆ 12 ಮೂಲೆ. ಕಣ್ಣು ಕಾಣದವರು ಮುಟ್ಟಿಯೇ ಗುರುತು ಹಿಡಿಯಬಹುದು. ಹುಡುಗ ಎಲ್ಲ ಕೇಳಿದ. ನಾಣ್ಯ ತಿರುಗಿಸಿ ತಿರುಗಿಸಿ ನೋಡಿದ. ಕೊನೆಗೆ ತೆಗೆದುಕೊಂಡ.

ಗದಗಿನಿಂದ ಲಕ್ಕುಂಡಿ ಹತ್ತಿರ, ಕೊಪ್ಪಳದ ರಸ್ತೆಯಲ್ಲಿ. ಮೊದಲು ಬ್ರಹ್ಮಜಿನಾಲಯಕ್ಕೆ ಹೋದೆವು. 1007ರ ಸುಮಾರಿಗೆ ದಾನಚಿಂತಾಮಣಿ ಅತ್ತಿಮಬ್ಬೆ ಕಟ್ಟಿಸಿದ ಬಸದಿ. ಪೊನ್ನನ ಶಾಂತಿಪುರಾಣದ 1000 ಪ್ರತಿ ಬರೆಸಿ ಹಂಚಿದ ತಾಯಿ ಆಕೆ. ಬಂಗಾರದ 1500 ಜಿನಬಿಂಬ ಮಾಡಿಸಿದಳು ಅಂತಲೂ ಪ್ರಸಿದ್ಧಿ. ಅಷ್ಟು ಚಿನ್ನದ ಕೆಲಸ ಬಲ್ಲ ಕೈಗಳು ಆಗ ಈ ನಾಡಿನಲ್ಲಿದ್ದವು.

ಆಗ ಈ ಊರಿನ ಹೆಸರು ಲೊಕ್ಕಿಗುಂಡಿ. ಸಾವಿರ ಮಹಾಜನರ ಊರು ಅಂತ ಶಾಸನಗಳು ಕರೆಯುತ್ತವೆ. ಇಲ್ಲಿ ಅಚ್ಚಾದದ್ದು ಲೊಕ್ಕಿ ಗದ್ಯಾಣ. ದಾನ ಕೊಡುವವರು ಬರೀ ಗದ್ಯಾಣ ಅನ್ನದೆ ಲೊಕ್ಕಿ ಗದ್ಯಾಣ ಅಂತ ಊರು ಸೇರಿಸಿ ಬರೆಸಿದ ಶಾಸನಗಳಿವೆ. ಯಾಕೆ ಅಂತ ಚಹಾದಂಗಡಿಯ ಹುಡುಗನನ್ನು ಕೇಳಿದರೆ ಸಾಕು, ಅವನಿಗೆ ಗೊತ್ತು. ನಾಣ್ಯ ಕೈಗೆ ಬಂದಾಗ ಜನ ಕೇಳುವ ಮೊದಲ ಪ್ರಶ್ನೆ, ಇದು ಎಲ್ಲಿಯದು, ಮುಂದಿನವನು ತಗೊಳ್ತಾನಾ ಅಂತ. ಲೊಕ್ಕಿಗುಂಡಿಯ ಅಚ್ಚು ಇದ್ದರೆ ಆ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಂತೆ. ಒಂದು ಊರಿನ ಅಕ್ಕಸಾಲಿಗರು ತೂಕದಲ್ಲಿ, ಬಣ್ಣದಲ್ಲಿ ಮೋಸ ಮಾಡುವುದಿಲ್ಲ ಅನ್ನೋ ನಂಬಿಕೆ ಬಂದ ಮೇಲೆಯೇ ಆ ಊರಿನ ಹೆಸರು ನಾಣ್ಯಕ್ಕೆ ಅಂಟುವುದು. ಲಕ್ಕುಂಡಿಯ ಶಿಲ್ಪಿಗಳ ಬಗ್ಗೆ ನಾವು ಎಷ್ಟು ಹೆಮ್ಮೆ ಪಡುತ್ತೇವೋ ಅಷ್ಟೇ ಹೆಮ್ಮೆ ಈ ಅಕ್ಕಸಾಲಿಗರ ಬಗ್ಗೆಯೂ ಇರಬೇಕು.

ಚಾಲುಕ್ಯರ ಗದ್ಯಾಣ ಇವತ್ತಿನ ನಾಣ್ಯದಂತೆ ದಪ್ಪಗಿರಲಿಲ್ಲ. ಹಪ್ಪಳದ ಹಾಗೆ ತೆಳ್ಳಗೆ, ಅಗಲವಾಗಿ ಇರುತ್ತಿತ್ತು. ಒಂದೇ ಪೆಟ್ಟಿಗೆ ಪೂರ್ತಿ ಚಿತ್ರ ಮೂಡಿಸುತ್ತಿರಲಿಲ್ಲ. ಪುಟ್ಟ ಪುಟ್ಟ ಠಸ್ಸೆಗಳನ್ನು ಒಂದಾದ ಮೇಲೊಂದು ಬಡಿಯುತ್ತಿದ್ದರು. ಒಂದು ಪೆಟ್ಟಿಗೆ ಸಿಂಹ, ಒಂದಕ್ಕೆ ಕಮಲ, ಒಂದಕ್ಕೆ ಈಟಿಯ ಮೊನೆ, ಒಂದಕ್ಕೆ ಕನ್ನಡದ 'ಶ್ರೀ', ಇನ್ನೊಂದಕ್ಕೆ ರಾಜನ ಬಿರುದು. ಎರಡನೇ ಜಯಸಿಂಹನ ನಾಣ್ಯಗಳ ಮೇಲೆ 'ಶ್ರೀ ಜಯ' ಅಂತ ಇದೆ. ಒಂದನೇ ಸೋಮೇಶ್ವರನದರ ಮೇಲೆ 'ಶ್ರೀ ತ್ರೈಲೋಕಮಲ್ಲ'. ತಗಡು ತೆಳುವಾದ್ದರಿಂದ ಪೆಟ್ಟು ಬಿದ್ದ ಹಾಗೆಲ್ಲ ತಗ್ಗಾಗಿ ಬಟ್ಟಲಿನ ಆಕಾರಕ್ಕೆ ಬರುತ್ತಿತ್ತು. ಹುಬ್ಬಳ್ಳಿಯ ಆ ಕೋಣೆಯಲ್ಲಿ ಒಂದು ಬಿಲ್ಲೆ ಒತ್ತುವುದನ್ನು ಕಣ್ಣಾರೆ ನೋಡಿದ್ದರಿಂದ ನನಗೆ ಇದೆಲ್ಲ ಚೆನ್ನಾಗಿ ಅರ್ಥವಾಯಿತು. ಇಷ್ಟು ತೆಳು ಚಿನ್ನದ ಮೇಲೆ ಇಷ್ಟು ಪೆಟ್ಟು ಹಾಕಿದರೂ ಎಲ್ಲೂ ಸೀಳದಂತೆ ನೋಡಿಕೊಳ್ಳಬೇಕು ಅಂದರೆ ಕಾಸುವ ಹದ ಎಷ್ಟು ಪಕ್ಕಾ ಇರಬೇಕು!

ಕಾಶಿವಿಶ್ವೇಶ್ವರ ಗುಡಿಯ ಬಾಗಿಲ ಚೌಕಟ್ಟಿನ ಮುಂದೆ ಕಾಕಾ ಬಹಳ ಹೊತ್ತು ನಿಂತರು. ಅಲ್ಲಿನ ಬಳ್ಳಿಗಳ ಕೆತ್ತನೆ ನೋಡಿ, "ಇದು ಕಲ್ಲುಕುಟಿಗರ ಕೆಲಸ ಅಲ್ಲೋ, ಬಂಗಾರದವರ ಕೆಲಸ ಇದ್ದಂಗ ಐತಿ" ಅಂದರು. ಆಮೇಲೆ ಮಣಿಕೇಶ್ವರ ಗುಡಿಯ ಮುಸುಕಿನ ಬಾವಿಯ ಮೆಟ್ಟಿಲಿನ ಮೇಲೆ ಕೂತು ಬುತ್ತಿ ಬಿಚ್ಚಿದೆವು. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ.

ಊರೆಲ್ಲ ಸುತ್ತಿದರೂ ಇಲ್ಲೊಂದು ಟಂಕಸಾಲೆ ಇತ್ತು ಅಂತ ಹೇಳುವ ಬೋರ್ಡು ನಮ್ಮ ಕಣ್ಣಿಗೆ ಬೀಳಲಿಲ್ಲ. ಇದು ನನಗೆ ಬಹಳ ಬೇಸರ ತಂದಿತು. ಹೊಯ್ಸಳರ ಎರಡನೇ ಬಲ್ಲಾಳ 1192ರ ಸುಮಾರಿಗೆ ತನ್ನ ರಾಜಧಾನಿ ಅಂತ ಆರಿಸಿಕೊಂಡ ಊರು ಇದು. ಶಾಲೆಯ ಮಕ್ಕಳು ಬಸ್ಸು ತುಂಬ ಬರುತ್ತಾರೆ. ಅವರ ಜೇಬಿನಲ್ಲಿ ಎರಡು ರೂಪಾಯಿ ಇರುತ್ತದೆ. ಅದನ್ನು ತೆಗೆಸಿ, ಈ ಊರಲ್ಲೂ ಇಂಥದ್ದನ್ನು ಮಾಡುತ್ತಿದ್ದರು ನೋಡ್ರಿ ಅಂತ ಹೇಳಿದರೆ ಆ ಮಕ್ಕಳು ಮರೆಯುವುದಿಲ್ಲ.

ಸಂಜೆ ಗದಗಿಗೆ ವಾಪಸ್. ಊರಿನ ಹೊರಗೆ ನಿಂತರೆ ದೂರದಲ್ಲಿ ಕಪ್ಪತಗುಡ್ಡದ ಸಾಲು. ಆ ಗುಡ್ಡದ ಕಲ್ಲಿನಲ್ಲಿ ಚಿನ್ನ ಇದೆ. ಡೋಣಿ, ಸೊರಟೂರಿನ ಹಳ್ಳಗಳ ಮರಳು ತೊಳೆದು ಚಿನ್ನದ ಪುಡಿ ತೆಗೆಯುವ ಜಲಗಾರರು 19ನೇ ಶತಮಾನದಲ್ಲೂ ಇದ್ದರು. ಇಂಗ್ಲಿಷರ ಕಂಪನಿಗಳು 20ನೇ ಶತಮಾನದ ಶುರುವಿನಲ್ಲಿ ಇಲ್ಲಿ ಗಣಿಯನ್ನೂ ತೋಡಿದವು. ಲೊಕ್ಕಿಯ ಗದ್ಯಾಣಕ್ಕೆ ಈ ಗುಡ್ಡದ ಚಿನ್ನವೂ ಸೇರಿತ್ತು ಅಂತ ಕಾಕಾನ ಗಟ್ಟಿ ನಂಬಿಕೆ.

ನಾಲ್ಕನೇ ದಿನ: ಸೂಡಿ

ಗದಗಿನಿಂದ ಕೋಟುಮಚಗಿ, ನರೇಗಲ್ ದಾಟಿ ಸೂಡಿ. ದಾರಿಯುದ್ದಕ್ಕೂ ಎರೆಹೊಲ, ಕಡಲೆ, ಜೋಳ. ಪ್ರವಾಸಿಗರು ಕಡಿಮೆ. ಅವತ್ತು ನಾವಿಬ್ಬರೇ.

ಸೂಡಿ ಕೂಡ ಸಣ್ಣ ಊರಾಗಿರಲಿಲ್ಲ. ಜಯಸಿಂಹನ ಅಕ್ಕ ಅಕ್ಕಾದೇವಿ ಕಿಸುಕಾಡು ನಾಡನ್ನು ಆಳಿದವಳು. ಗೋಕಾಕದ ಕೋಟೆಗೆ ತಾನೇ ಮುತ್ತಿಗೆ ಹಾಕಿದ ಗಟ್ಟಿಗಿತ್ತಿ. ಅವಳ ಶಾಸನ ಇಲ್ಲಿ ಸಿಕ್ಕಿದೆ. ಜೋಡು ಕಳಸದ ಗುಡಿಗೆ ಎರಡು ಶಿಖರ, ನಡುವೆ ಒಂದೇ ಮಂಟಪ. ಕೆತ್ತನೆ ಲಕ್ಕುಂಡಿಯಷ್ಟು ನುಣುಪಿಲ್ಲ. ನನಗೆ ಮಾತ್ರ ಇದೇ ಜಾಸ್ತಿ ಹಿಡಿಸಿತು. ಸುತ್ತ ಬಯಲು, ನಡುವೆ ಗಟ್ಟಿಯಾಗಿ ನಿಂತ ಗುಡಿ. ನಾಗಕುಂಡದ ಒಳಗೋಡೆಯ ಪುಟ್ಟ ಗೂಡುಗಳು, ಕಂಬಗಳು ನೋಡಲು ಎರಡು ಕಣ್ಣು ಸಾಲದು.

ಹೊಂಡದ ಹತ್ತಿರ ಕುರಿ ಬಿಟ್ಟುಕೊಂಡು ನಿಂತಿದ್ದ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಇಲ್ಲಿ ಹಿಂದೆ ನಾಣ್ಯ ಮಾಡುತ್ತಿದ್ದರಂತೆ ಅಂತ ಕಾಕಾ ಹೇಳಿದಾಗ, "ಹೌದೇನ್ರೀ? ನಮ್ಮೂರಾಗ?" ಅಂತ ಕಣ್ಣು ಅರಳಿಸಿದರು. ಆಮೇಲೆ ನಮ್ಮನ್ನು ಬಿಡಲೇ ಇಲ್ಲ. ಯಾವ ರಾಜ, ಎಂಥ ನಾಣ್ಯ, ಎಷ್ಟು ತೂಕ, ಕಬ್ಬಿಣ ಯಾಕೆ ಹಾಕುತ್ತಿರಲಿಲ್ಲ, ಎಲ್ಲ ಕೇಳಿದರು.

ಆ ಕೊನೆಯ ಪ್ರಶ್ನೆ ಒಳ್ಳೆಯದು. ಆಗ ನಾಣ್ಯದ ಬೆಲೆ ಅದರ ಲೋಹದಲ್ಲೇ ಇತ್ತು. ಈಗ ಹಾಗಿಲ್ಲ. ಈಗಿನ ಒಂದು ರೂಪಾಯಿ ಉಕ್ಕಿನದು, 83 ಪಾಲು ಕಬ್ಬಿಣ, 17 ಪಾಲು ಕ್ರೋಮಿಯಂ. ಕಾಕಾ ಕಿಸೆಯಿಂದ ಪುಟ್ಟ ಆಯಸ್ಕಾಂತ ತೆಗೆದು ತೋರಿಸಿದರು. ಹೊಸ ಒಂದು, ಎರಡು ರೂಪಾಯಿ ಪಟ್ಟಂತ ಅಂಟಿದವು. ಹಳೆಯ ತಾಮ್ರ-ನಿಕ್ಕಲ್ ನಾಣ್ಯ ಅಂಟಲಿಲ್ಲ. ಉಕ್ಕಿನ ಪೈಸೆಗಳು 1988ರಲ್ಲಿ, ಉಕ್ಕಿನ ಒಂದು ರೂಪಾಯಿ 1992ರಲ್ಲಿ ಶುರುವಾದವು. ತಮಿಳುನಾಡಿನ ಸೇಲಂ ಉಕ್ಕಿನ ಕಾರ್ಖಾನೆಯಲ್ಲಿ ನಾಣ್ಯದ ಬಿಲ್ಲೆ ಕತ್ತರಿಸುವ ಘಟಕವೇ ಇದೆ. ನಿಕ್ಕಲ್, ತಾಮ್ರದ ಬೆಲೆ ಏರಿದಾಗ ನಾಣ್ಯದ ಮುಖಬೆಲೆಗಿಂತ ಲೋಹದ ಬೆಲೆಯೇ ಜಾಸ್ತಿಯಾಗುತ್ತದೆ. ಆಗ ಕರಗಿಸುವವರು ಹುಟ್ಟಿಕೊಳ್ಳುತ್ತಾರೆ. 9 ಗ್ರಾಂ ತೂಕದ ಆ ದಪ್ಪನೆಯ ಐದು ರೂಪಾಯಿಯನ್ನು ಕರಗಿಸಿ ಬ್ಲೇಡ್ ಮಾಡುತ್ತಾರೆ ಅಂತ ಪತ್ರಿಕೆಗಳಲ್ಲಿ ಬರುತ್ತಿತ್ತು, ನೆನಪಿರಬಹುದು. ನಾಣ್ಯ ಕರಗಿಸುವುದು, ಹಾಳುಮಾಡುವುದು ಅಪರಾಧ. ಆದರೂ ಬೆಲೆ ಕಡಿಮೆ ಇರುವ ಲೋಹಕ್ಕೆ ಹೋಗುವುದೇ ಸರಿಯಾದ ದಾರಿ. ಚಿನ್ನದ ಗದ್ಯಾಣಗಳು ಇವತ್ತು ಇಷ್ಟು ಕಡಿಮೆ ಉಳಿದಿರುವುದಕ್ಕೂ ಒಂದು ಕಾರಣ ಇದೇ. ಎಷ್ಟೋ ಗದ್ಯಾಣ ಕರಗಿ ಒಡವೆಯಾಗಿವೆ.

ಕುರಿಯ ಅಜ್ಜ ಆಯಸ್ಕಾಂತವನ್ನು ಕೈಗೆ ತಗೊಂಡು ತನ್ನ ಚೀಲದ ನಾಣ್ಯವೆಲ್ಲ ಒಂದೊಂದಾಗಿ ಅಂಟಿಸಿ ನೋಡಿದರು. ಕಾಕಾ ಅದನ್ನು ಅವರಿಗೇ ಕೊಟ್ಟುಬಿಟ್ಟರು.

ಐದನೇ ದಿನ: ಹಾವೇರಿ ಕಡೆ

ಈ ದಿನದ್ದು ಓಡಾಟವೇ ಜಾಸ್ತಿ. ಬೆಳಿಗ್ಗೆ ಬಂಕಾಪುರದ ಕೋಟೆಯೊಳಗೆ ನಗರೇಶ್ವರ ಗುಡಿ. 66 ಕಂಬಗಳ ದೊಡ್ಡ ಗುಡಿ, ಸುತ್ತ ನವಿಲುಗಳ ಕೂಗು. ಅಲ್ಲಿಂದ ಹಾನಗಲ್.

ಹಾನಗಲ್ಲಿನ ಕದಂಬರು ಚಾಲುಕ್ಯರ ಸಾಮಂತರು. ಅವರ ಧ್ವಜದ ಮೇಲೆ ವಾನರ. ನಾಣ್ಯದ ಮೇಲೂ ಹನುಮಂತ. ದೊರೆಯ ಗುರುತು ಧ್ವಜದಿಂದ ನಾಣ್ಯಕ್ಕೆ, ಅಲ್ಲಿಂದ ಸಂತೆಗೆ, ಹೀಗೆ ಜನರ ಕೈಗೆ ಬರುತ್ತಿತ್ತು. ಓದಲು ಬಾರದವನೂ ಹನುಮಂತನನ್ನು ನೋಡಿ ಇದು ನಮ್ಮದು ಅಂತ ತಿಳಿಯುತ್ತಿದ್ದ. 1950ರ ಆಗಸ್ಟ್ 15ರಂದು ಗಣರಾಜ್ಯದ ಮೊದಲ ನಾಣ್ಯಗಳು ಬಂದಾಗ ಮಾಡಿದ್ದೂ ಇದನ್ನೇ. ಇಂಗ್ಲೆಂಡಿನ ದೊರೆಯ ತಲೆ ಹೋಗಿ ಅಶೋಕನ ಸಿಂಹಗಳು ಬಂದವು. ರೂಪಾಯಿಯ ಇನ್ನೊಂದು ಮುಖದಲ್ಲಿ ಹುಲಿಯ ಜಾಗಕ್ಕೆ ಧಾನ್ಯದ ತೆನೆ ಬಂತು. ಹಳ್ಳಿಯವರಿಗೆ ಸ್ವಾತಂತ್ರ್ಯ ಕೈಗೆ ಸಿಕ್ಕಿದ್ದು ಹೀಗೆ ಅಂತ ನನಗೆ ಅನಿಸುತ್ತದೆ. ಭಾಷಣ ಎಲ್ಲರ ಕಿವಿಗೂ ಮುಟ್ಟಿರಲಿಕ್ಕಿಲ್ಲ. ರೂಪಾಯಿ ಮುಟ್ಟಿತು.

ತಾರಕೇಶ್ವರ ಗುಡಿಯ ಮಂಟಪದಲ್ಲಿ ತಲೆ ಎತ್ತಿದರೆ ಛತ್ತಿನಿಂದ ಇಳಿಬಿದ್ದ ದೊಡ್ಡ ಕಲ್ಲಿನ ಕಮಲ. ಕಾಕಾ ನೆಲದ ಮೇಲೆ ಅಂಗಾತ ಮಲಗಿ ನೋಡಿದರು. ನಾನೂ ಮಲಗಿದೆ. ಗದ್ಯಾಣದ ಮೇಲೆ ಉಗುರಿನಷ್ಟು ಜಾಗದಲ್ಲಿ ಮೂಡುತ್ತಿದ್ದ ಹೂವು ಇಲ್ಲಿ ಛತ್ತಿನ ತುಂಬ ಅರಳಿದೆ.

ಹಾವೇರಿಯಲ್ಲಿ ಏಲಕ್ಕಿ ಮಾಲೆ ಕೊಂಡು ಹುಬ್ಬಳ್ಳಿಯ ಬಸ್ಸು ಹತ್ತಿದೆವು. ದಾರಿಯಲ್ಲಿ ಕಾಕಾ ಮುಂದಿನ ಪ್ರವಾಸದ ಮಾತು ತೆಗೆದರು. ಹೈದರಾಬಾದಿನ ಸೈಫಾಬಾದ್ ಟಂಕಸಾಲೆ 1903ರದ್ದು. ನಾಣ್ಯ ಮಾಡುವ ಕೆಲಸ 1997ರಲ್ಲಿ ಚೆರ್ಲಪಲ್ಲಿಗೆ ಹೋಯಿತು. ಹಳೆಯ ಕಟ್ಟಡದಲ್ಲಿ 2022ರಲ್ಲಿ ವಸ್ತುಸಂಗ್ರಹಾಲಯ ತೆರೆದಿದ್ದಾರೆ. ಮುಂಬೈಯ ಫೋರ್ಟ್ ಭಾಗದಲ್ಲಿ ರಿಸರ್ವ್ ಬ್ಯಾಂಕಿನ ನಾಣ್ಯ ಸಂಗ್ರಹಾಲಯವೂ ಇದೆ. ಹುಬ್ಬಳ್ಳಿಯಿಂದ ಎರಡೂ ಕಡೆಗೆ ರಾತ್ರಿ ಬಸ್ಸುಗಳಿವೆ. ಯುಗಾದಿ ಕಳೆದ ಮೇಲೆ ಮೊದಲು ಹೈದರಾಬಾದ್ ಅಂತ ಇಬ್ಬರೂ ಒಪ್ಪಿಕೊಂಡೆವು.